ಸೂಸನ್ ಆಂಥನಿಯ ಊರಿನಲ್ಲಿ ನಾಲ್ಕು ದಿನ

ಮೊದಲ ದಿನ, ಗುರುವಾರ

ಮಗಳ ಮನೆ ಇರುವುದು ನ್ಯೂಜೆರ್ಸಿಯಲ್ಲಿ. ನಯಾಗರ, ವಾಷಿಂಗ್ಟನ್ ಎಲ್ಲ ತೋರಿಸಿ ಆಗಿತ್ತು. "ಊರಿಗೆ ಹೋಗೋಕೆ ಮುಂಚೆ ಇನ್ನೇನು ನೋಡ್ಬೇಕಮ್ಮ?" ಅಂತ ಕೇಳಿದಳು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಅಂದೆ.

"ಅಲ್ಲೇನಿದೆ?"

"ಅಮೆರಿಕದ ಹೆಂಗಸರ ಓಟಿಗಾಗಿ ಬಡಿದಾಡಿದ ಸೂಸನ್ ಬಿ. ಆಂಥನಿ ಮನೆ ಇದೆ ಕಣೇ."

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ ಆಗಿದ್ದವಳು. ರಿಟೈರ್ ಆಗಿ ಮೂರು ವರ್ಷವಾಯಿತು. ಸರ್ವಿಸಿನಲ್ಲಿ ಒಂಬತ್ತು ಸಲ ಎಲೆಕ್ಷನ್ ಡ್ಯೂಟಿ ಬಿದ್ದಿತ್ತು. ಮಸ್ಟರಿಂಗ್ ಸೆಂಟರಿನಲ್ಲಿ ಸಾಮಾನು ಎಣಿಸಿಕೊಂಡು, ಬಸ್ಸು ಹತ್ತಿ, ಯಾವುದೋ ಹಳ್ಳಿಯ ಶಾಲೆಯಲ್ಲಿ ಬೆಂಚು ಜೋಡಿಸಿ ಮಲಗಿ, ಬೆಳಗ್ಗೆ ಐದಕ್ಕೆಲ್ಲ ಎದ್ದು ಅಣಕು ಮತದಾನಕ್ಕೆ ತಯಾರಾಗಬೇಕು. ಹೆಚ್ಚಿನ ಸಲ ನನಗೆ ಸಿಗುತ್ತಿದ್ದದ್ದು ಎರಡನೇ ಮತಗಟ್ಟೆ ಅಧಿಕಾರಿಯ ಕೆಲಸ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುವುದು, ಎಡಗೈ ತೋರುಬೆರಳಿಗೆ ಶಾಯಿ ಹಚ್ಚುವುದು. ಉಗುರಿನ ಮೇಲಿಂದ ಚರ್ಮಕ್ಕೆ ಇಳಿಯುವ ಹಾಗೆ ಗೆರೆ ಎಳೆಯಬೇಕು. ಎಷ್ಟು ಸಾವಿರ ಹೆಂಗಸರ ಬೆರಳು ಹಿಡಿದಿದ್ದೇನೋ ಲೆಕ್ಕವಿಲ್ಲ. ಕಳೆ ಕಿತ್ತು ಬಂದ ಬೆರಳು, ಬೀಡಿ ಕಟ್ಟಿ ಸವೆದ ಬೆರಳು, ಮದರಂಗಿ ಹಚ್ಚಿದ ಬೆರಳು.

ಆ ಸಾಲಿನಲ್ಲಿ ನಿಲ್ಲುವುದಕ್ಕೇ ಒಬ್ಬ ಹೆಂಗಸು ಜೀವನವಿಡೀ ಬಡಿದಾಡಿದಳು ಅಂತ ಓದಿದ್ದೆ. ಅವಳು ಇದ್ದ ಮನೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವ ಆಸೆ ಇತ್ತು.

ಅಳಿಯಂದಿರು ಶುಕ್ರವಾರ ರಜೆ ಹಾಕಿದರು. ಗುರುವಾರ ಮಧ್ಯಾಹ್ನ ಹೊರಟೆವು. ಐದೂವರೆ ಗಂಟೆಯ ದಾರಿ. ಅಕ್ಟೋಬರ್ ಕೊನೆಯ ವಾರ, ಬಿಂಗ್‌ಹ್ಯಾಮ್ಟನ್ ದಾಟುವವರೆಗೂ ಗುಡ್ಡಗಳೆಲ್ಲ ಕೆಂಪು, ಹಳದಿ. ಡಬ್ಬಿಯಲ್ಲಿ ಪುಳಿಯೋಗರೆ, ಮೊಸರನ್ನ ಇತ್ತು. ಏಳು ವರ್ಷದ ಮೊಮ್ಮಗಳು ದಾರಿಯುದ್ದಕ್ಕೂ ನಿದ್ದೆ. ರಾಚೆಸ್ಟರ್ ತಲುಪಿದಾಗ ಕತ್ತಲಾಗಿತ್ತು, ಚಳಿ ಜಾಸ್ತಿ ಇತ್ತು. ಹೋಟೆಲಿಗೆ ಹೋಗಿ ಮಲಗಿದೆವು.

ಎರಡನೇ ದಿನ, ಶುಕ್ರವಾರ

ಮ್ಯಾಡಿಸನ್ ಬೀದಿ, 17ನೇ ನಂಬರು. ಅಂಥ ದೊಡ್ಡ ಮನೆಯೇನಲ್ಲ. ಇಟ್ಟಿಗೆಯ ಮನೆ, ಮುಂದೆ ಮರದ ಜಗಲಿ. ಅಕ್ಕಪಕ್ಕದಲ್ಲೂ ಅಂಥವೇ ಹಳೇ ಮನೆಗಳು. ತಾಯಿ ಲೂಸಿ ಮತ್ತು ತಂಗಿ ಮೇರಿ ಜೊತೆ 1866ರಲ್ಲಿ ಸೂಸನ್ ಇಲ್ಲಿಗೆ ಬಂದಳು. 1906ರ ಮಾರ್ಚ್ 13ರಂದು ಇದೇ ಮನೆಯ ಮಹಡಿಯಲ್ಲಿ ತೀರಿಕೊಂಡಳು. ನಲವತ್ತು ವರ್ಷ ಇದೇ ವಿಳಾಸ. ಆದರೆ ಮನೆಯಲ್ಲಿ ಇದ್ದದ್ದು ಕಡಿಮೆ. ವರ್ಷಕ್ಕೆ 75ರಿಂದ 100 ಭಾಷಣ, ಊರೂರು ತಿರುಗಾಟ. ಮನೆ ನಡೆಸಿದವಳು ತಂಗಿ ಮೇರಿ. ಅವಳೂ ಟೀಚರ್, ಆಮೇಲೆ ಹೆಡ್‌ಮಿಸ್ಟ್ರೆಸ್. ಪ್ರತಿ ವರ್ಷ ತೆರಿಗೆ ಕಟ್ಟುವಾಗ, ಓಟಿಲ್ಲದವಳ ಹತ್ತಿರ ತೆರಿಗೆ ಕೇಳುವುದು ಅನ್ಯಾಯ ಅಂತ ಬರೆದೇ ಕಟ್ಟುತ್ತಿದ್ದಳಂತೆ. ಅಕ್ಕನ ಮುಖ ಡಾಲರ್ ನಾಣ್ಯದ ಮೇಲೆ ಬಂತು. ತಂಗಿಯ ಹೆಸರು ಎಷ್ಟು ಜನಕ್ಕೆ ಗೊತ್ತು?

ನಮ್ಮನ್ನು ಕರೆದೊಯ್ದ ಗೈಡ್ ವಯಸ್ಸಾದ ಹೆಂಗಸು. ಒಳಗೆ ಹೋದ ಕೂಡಲೇ ಮುಂದಿನ ಕೋಣೆಯಲ್ಲಿ ನಿಲ್ಲಿಸಿದರು. ಚಿಕ್ಕ ಹಜಾರ, ಮರದ ಕುರ್ಚಿಗಳು, ಗೋಡೆಯ ಮೇಲೆ ಫೋಟೊಗಳು. "ಇದೇ ಕೋಣೆಯಲ್ಲಿ ಅರೆಸ್ಟ್ ಆಗಿದ್ದು" ಅಂದರು.

1872ರ ನವೆಂಬರ್ 5. ಅಧ್ಯಕ್ಷರ ಚುನಾವಣೆ. ಬೆಳಗ್ಗೆ ಏಳಕ್ಕೇ ಹೋಗಿ ಸೂಸನ್ ಓಟು ಹಾಕಿದಳು. ಇದೇ ವಾರ್ಡಿನ ಇನ್ನೂ ಹದಿನಾಲ್ಕು ಹೆಂಗಸರು ಓಟು ಹಾಕಿದರು, ಅವಳ ಅಕ್ಕತಂಗಿಯರೂ ಸೇರಿ. ಹೆಂಗಸರಿಗೆ ಓಟಿಲ್ಲ ಅಂತ ಕಾನೂನು. ಎರಡು ವಾರ ಕಳೆದ ಮೇಲೆ, ನವೆಂಬರ್ 18ರಂದು, ಒಬ್ಬ ಡೆಪ್ಯುಟಿ ಮಾರ್ಷಲ್ ಬಾಗಿಲಿಗೆ ಬಂದ. ಅವನಿಗೇ ಮುಜುಗರ. ಕಮಿಷನರ್ ಆಫೀಸಿಗೆ ನೀವೇ ಬನ್ನಿ ಅನ್ನುವ ಹಾಗೆ ಮಾತಾಡಿದ. ಗಂಡಸರನ್ನು ಹೀಗೇ ಅರೆಸ್ಟ್ ಮಾಡ್ತೀರಾ ಅಂತ ಕೇಳಿದ ಸೂಸನ್, ಎರಡೂ ಕೈ ಮುಂದೆ ಚಾಚಿ ಬೇಡಿ ಹಾಕಿ ಅಂದಳಂತೆ. ಅವನು ಹಾಕಲಿಲ್ಲ. ಆಗಿನ ಕುದುರೆ ಟ್ರಾಮಿನಲ್ಲಿ ಕರೆದುಕೊಂಡು ಹೋದ. ಕಂಡಕ್ಟರ್ ಟಿಕೆಟ್ ಕೇಳಿದಾಗ, ಎಲ್ಲರಿಗೂ ಕೇಳಿಸುವ ಹಾಗೆ, ನಾನು ಸರ್ಕಾರದ ಖರ್ಚಿನಲ್ಲಿ ಹೋಗ್ತಿದೀನಿ, ಇವರ ಹತ್ತಿರ ಕೇಳಿ ಅಂದಳಂತೆ. ಆಗ ಅವಳಿಗೆ 52 ವರ್ಷ.

ಆ ಕೋಣೆಯ ನೆಲ ನೋಡಿದೆ. ಎರಡು ಕೈ ಚಾಚಿ ನಿಲ್ಲಲು ಎಷ್ಟು ಜಾಗ ಬೇಕೋ ಅಷ್ಟೇ ಇದೆ.

ಮೇಲೆ ಅಟ್ಟ. ಇಲ್ಲಿ ಕೂತು ಅವಳು ಕಾಗದಪತ್ರ ಜೋಡಿಸುತ್ತಿದ್ದಳು, ಚಳವಳಿಯ ಚರಿತ್ರೆ ಬರೆಸುತ್ತಿದ್ದಳು. ಹೋದಲ್ಲೆಲ್ಲ ಜೊತೆಗಿರುತ್ತಿದ್ದ ಮೊಸಳೆ ಚರ್ಮದ ಕೈಚೀಲವೂ ಈ ಮನೆಯಲ್ಲಿದೆ. ಕಪ್ಪಗೆ, ಅಂಚು ಸವೆದು, ನಮ್ಮ ಹಳೇ ಡಾಕ್ಟರುಗಳ ಬ್ಯಾಗಿನ ಥರ ಇದೆ. ಅದರಲ್ಲಿ ಭಾಷಣದ ಹಾಳೆಗಳನ್ನು ತುಂಬಿಕೊಂಡು ಓಡಾಡುತ್ತಿದ್ದಳು. ಹಿಡಿಯ ಹತ್ತಿರ ಚರ್ಮ ನುಣುಪಾಗಿತ್ತು. ಡ್ಯೂಟಿಗೆ ಹೋಗುವಾಗಿನ ನನ್ನ ರೆಕ್ಸಿನ್ ಬ್ಯಾಗ್ ನೆನಪಾಯಿತು. ಗಾಜಿನ ಮುಂದೆ ತುಂಬ ಹೊತ್ತು ನಿಂತೆ. ಮಗಳು ಬಂದು ಭುಜ ಮುಟ್ಟಿದಳು.

ಸೂಸನ್ ಕೂಡ ಟೀಚರಾಗಿದ್ದವಳು. ಅದು ನನಗೆ ತೀರಾ ಹತ್ತಿರದ ವಿಷಯ. ಚಿಕ್ಕ ವಯಸ್ಸಿನಲ್ಲಿ ಒಬ್ಬ ಮೇಷ್ಟ್ರ ಜಾಗಕ್ಕೆ ಸೇರಿದಳು. ಅವನಿಗೆ ವಾರಕ್ಕೆ 10 ಡಾಲರ್ ಸಂಬಳ ಇತ್ತು. ಅದೇ ಕೆಲಸಕ್ಕೆ ಇವಳಿಗೆ ಎರಡೂವರೆ ಡಾಲರ್. 1853ರಲ್ಲಿ ರಾಚೆಸ್ಟರಿನಲ್ಲೇ ರಾಜ್ಯದ ಶಿಕ್ಷಕರ ಸಮ್ಮೇಳನ ನಡೆಯಿತು. ಬಂದಿದ್ದವರಲ್ಲಿ ಹೆಂಗಸರೇ ಜಾಸ್ತಿ. ಮಾತಾಡುವವರು ಮಾತ್ರ ಗಂಡಸರು. ಶಿಕ್ಷಕರಿಗೆ ಏಕೆ ಮರ್ಯಾದೆ ಇಲ್ಲ ಅನ್ನುವುದು ಚರ್ಚೆ. ಸೂಸನ್ ಎದ್ದು ನಿಂತಳು. ಅವಳಿಗೆ ಮಾತಾಡಲು ಬಿಡಬೇಕೋ ಬೇಡವೋ ಅಂತ ಅವರು ಅರ್ಧ ಗಂಟೆ ವಾದ ಮಾಡಿದರು. ಕೂತರೆ ಅವಕಾಶ ಹೋಗುತ್ತದೆ ಅಂತ ಅವಳು ಅಷ್ಟು ಹೊತ್ತೂ ನಿಂತೇ ಇದ್ದಳು. ಕೊನೆಗೆ ಹೇಳಿದ್ದು ಇಷ್ಟು: ಹೆಂಗಸರಿಗೆ ವಕೀಲಿ, ಡಾಕ್ಟರಿಕೆ ಮಾಡುವಷ್ಟು ಬುದ್ಧಿ ಇಲ್ಲ, ಪಾಠ ಹೇಳುವಷ್ಟು ಮಾತ್ರ ಇದೆ ಅಂತೀರಿ. ಹಾಗಾದರೆ ಪಾಠ ಹೇಳುವ ಗಂಡಸರೆಲ್ಲ ತಮಗೂ ಅಷ್ಟೇ ಬುದ್ಧಿ ಇದೆ ಅಂತ ಒಪ್ಪಿಕೊಂಡ ಹಾಗಾಯಿತಲ್ಲ!

ಇದನ್ನು ನನ್ನ ಸರ್ವಿಸಿನ ಮೊದಲ ವರ್ಷದಲ್ಲೇ ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಮನೆಯ ಹತ್ತಿರವೇ ಒಂದು ಪಾರ್ಕು. ಅಲ್ಲಿ ಕಂಚಿನ ಎರಡು ಪ್ರತಿಮೆ, ನಡುವೆ ಮೇಜು, ಚಹಾದ ಕಪ್ಪು. ಒಂದು ಕಡೆ ಸೂಸನ್, ಎದುರಿಗೆ ಫ್ರೆಡರಿಕ್ ಡಗ್ಲಾಸ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಇದೇ ಊರಿನಲ್ಲಿ ಪತ್ರಿಕೆ ನಡೆಸಿದ ಮಹಾನುಭಾವ. ಮೊಮ್ಮಗಳು ಓಡಿ ಹೋಗಿ ಖಾಲಿ ಕಪ್ಪಿನೊಳಗೆ ಒಂದು ಎಲೆ ಹಾಕಿದಳು.

ಈ ಚಹಾ ಅಷ್ಟು ಸಿಹಿಯಾಗಿರಲಿಲ್ಲ. ಕಪ್ಪು ಗಂಡಸರಿಗೆ ಓಟು ಕೊಡುವ 15ನೇ ತಿದ್ದುಪಡಿ 1870ರಲ್ಲಿ ಜಾರಿಗೆ ಬಂತು. ಹೆಂಗಸರನ್ನು ಬಿಟ್ಟಿದ್ದಾರೆ ಅಂತ ಸೂಸನ್ ಅದನ್ನು ವಿರೋಧಿಸಿದಳು. ಕಪ್ಪು ಜನರನ್ನು ಕೀಳಾಗಿ ಕಾಣುತ್ತಿದ್ದ ಒಬ್ಬ ಶ್ರೀಮಂತನ ದುಡ್ಡು ತೆಗೆದುಕೊಂಡು ತನ್ನ ಪತ್ರಿಕೆ ಶುರು ಮಾಡಿದ್ದಳು. ನಮ್ಮ ಜನರನ್ನು ದೀಪದ ಕಂಬಕ್ಕೆ ನೇಣು ಹಾಕುತ್ತಿದ್ದಾರೆ, ನಮಗೆ ಓಟು ಪ್ರಾಣದ ಪ್ರಶ್ನೆ ಅಂತ ಡಗ್ಲಾಸ್ ಎದುರಿಗೇ ಹೇಳಿದರು. ನನ್ನ ಮಟ್ಟಿಗೆ ಆ ವಾದದಲ್ಲಿ ನ್ಯಾಯ ಡಗ್ಲಾಸರ ಕಡೆಗಿತ್ತು. ಸೂಸನ್ ಮೇಲೆ ನನಗೆಷ್ಟೇ ಗೌರವ ಇದ್ದರೂ ಇದನ್ನು ಹೇಳಲೇಬೇಕು. 1920ರಲ್ಲಿ ಹೆಂಗಸರಿಗೆ ಓಟು ಬಂದ ಮೇಲೂ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹೆಂಗಸರು 1965ರ ಕಾನೂನು ಬರುವವರೆಗೆ ಕಾಯಬೇಕಾಯಿತು. ಆದರೂ ಇವರಿಬ್ಬರ ಸ್ನೇಹ ಮುರಿಯಲಿಲ್ಲ. 1895ರ ಫೆಬ್ರವರಿ 20ರಂದು ವಾಷಿಂಗ್ಟನ್ನಿನ ಮಹಿಳಾ ಸಭೆಯೊಂದರಲ್ಲಿ ಸೂಸನ್ ಡಗ್ಲಾಸರನ್ನು ವೇದಿಕೆಗೆ ಕರೆದೊಯ್ದಳು. ಅದೇ ದಿನ ಸಂಜೆ ಮನೆಗೆ ಹೋದ ಡಗ್ಲಾಸ್ ತೀರಿಕೊಂಡರು.

ಅಲ್ಲಿಂದ ನಡೆದುಕೊಂಡು ವೆಸ್ಟ್ ಮೇನ್ ಬೀದಿಗೆ ಬಂದೆವು. ಸೂಸನ್ ಓಟು ಹಾಕಿದ ಜಾಗ ಇದು. ಈಗ ಇಲ್ಲಿ ಕಂಚಿನ ಒಂದು ಓಟಿನ ಪೆಟ್ಟಿಗೆ ಇಟ್ಟಿದ್ದಾರೆ, ಬೀಗ ಹಾಕಿದ್ದು. ನಾನು ಬಂದದ್ದು ಮುಖ್ಯವಾಗಿ ಇದಕ್ಕೇ.

ಯಾಕೆಂದರೆ ಇಲ್ಲಿ ಮೂರು ಜನ ಹುಡುಗರು ಕೂತಿದ್ದರು. ಬೆವರ್ಲಿ ಜೋನ್ಸ್, ಎಡ್ವಿನ್ ಮಾರ್ಷ್, ವಿಲಿಯಂ ಹಾಲ್. ಎಲೆಕ್ಷನ್ ಇನ್‌ಸ್ಪೆಕ್ಟರುಗಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮತಗಟ್ಟೆ ಸಿಬ್ಬಂದಿ. ನವೆಂಬರ್ 1ರಂದು ಒಂದು ಕ್ಷೌರದ ಅಂಗಡಿಯಲ್ಲಿ ಕೂತು ಮತದಾರರ ಹೆಸರು ಬರೆದುಕೊಳ್ಳುತ್ತಿದ್ದರು. ಸೂಸನ್ ಒಳಗೆ ಬಂದು ನನ್ನ ಹೆಸರು ಬರೆದುಕೊಳ್ಳಿ ಅಂದಳು. ಆಗೋದಿಲ್ಲ ಅಂದರು. ಅವಳು ಸಂವಿಧಾನದ 14ನೇ ತಿದ್ದುಪಡಿ ಓದಿದಳು. ಈ ದೇಶದಲ್ಲಿ ಹುಟ್ಟಿದವರೆಲ್ಲ ನಾಗರಿಕರು ಅಂತ ಅದರಲ್ಲಿದೆ, ನಾನು ನಾಗರಿಕಳು ಹೌದೋ ಅಲ್ಲವೋ ಅಂತ ಕೇಳಿದಳು. ಬರೆದುಕೊಳ್ಳದಿದ್ದರೆ ನಿಮ್ಮ ಮೇಲೇ ಕೇಸು ಹಾಕ್ತೀನಿ, ಬರೆದುಕೊಂಡದ್ದಕ್ಕೆ ತೊಂದರೆ ಬಂದರೆ ಖರ್ಚು ನಾನು ನೋಡ್ಕೋತೀನಿ ಅಂದಳು. ಕೊನೆಗೆ ಬರೆದುಕೊಂಡರು.

ಮಗಳಿಗೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಪಟ್ಟಿಯಲ್ಲಿ ಹೆಸರಿಲ್ಲದ ಹೆಂಗಸರು ಗುರುತಿನ ಚೀಟಿ ಹಿಡಿದುಕೊಂಡು ನನ್ನ ಮುಂದೆಯೂ ನಿಂತಿದ್ದಾರೆ. ಒಬ್ಬಳು, ಕೂಲಿ ಬಿಟ್ಟು ಬಂದವಳು, "ಹೋದ್ಸಲ ಇತ್ತಲ್ಲವ್ವಾ ನನ್ನೆಸ್ರು" ಅಂತ ನಾಲ್ಕು ಸಲ ಕೇಳಿದಳು. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದೆವು. ಇಲ್ಲ. ನಿಯಮ ಅಂದರೆ ನಿಯಮ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದಳು. ಪೆನ್ನು ಹಿಡಿದವರ ಕೈಯಲ್ಲಿ ಎಷ್ಟಿರುತ್ತದೆ, ಎಷ್ಟಿರುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಆ ಮೂರು ಹುಡುಗರ ಮೇಲೆ ನನಗೆ ಅಷ್ಟು ಅಕ್ಕರೆ.

ಅವರ ಮೇಲೂ ಕೇಸಾಯಿತು. ತಲಾ 25 ಡಾಲರ್ ದಂಡ. ಕಟ್ಟುವುದಿಲ್ಲ ಅಂದರು. 1874ರ ಫೆಬ್ರವರಿಯಲ್ಲಿ ಜೋನ್ಸ್ ಮತ್ತು ಮಾರ್ಷ್ ಜೈಲಿಗೆ ಹೋದರು. ಓಟು ಹಾಕಿದ್ದ ಹೆಂಗಸರು ಮನೆಯಲ್ಲಿ ಅಡುಗೆ ಮಾಡಿ ಜೈಲಿಗೆ ಊಟ ಒಯ್ದು ಕೊಟ್ಟರು. ಸೂಸನ್ ಅಧಿಕಾರದಲ್ಲಿದ್ದವರಿಗೆಲ್ಲ ಬರೆದಳು. ಮಾರ್ಚ್‌ನಲ್ಲಿ ಅಧ್ಯಕ್ಷ ಗ್ರಾಂಟ್ ಇಬ್ಬರನ್ನೂ ಕ್ಷಮಿಸಿ ಬಿಡಿಸಿದರು.

ಕಂಚಿನ ಪೆಟ್ಟಿಗೆ ತಣ್ಣಗಿತ್ತು. ಬೀಗ ಮುಟ್ಟಿ ನೋಡಿದೆ.

ಮೂರನೇ ದಿನ, ಶನಿವಾರ

ಬೆಳಗ್ಗೆ ಕ್ಯಾನನ್‌ಡೇಗ್ವಾ. ರಾಚೆಸ್ಟರಿನಿಂದ ಮುಕ್ಕಾಲು ಗಂಟೆ. ಕೆರೆಯ ದಂಡೆಯ ಚೊಕ್ಕಟವಾದ ಊರು. ಬೀದಿಯ ಮೇಲೇ ಕೋರ್ಟು. ಶನಿವಾರವಾದ್ದರಿಂದ ಬಾಗಿಲು ಹಾಕಿತ್ತು. ಗುಮ್ಮಟದ ತುದಿಯಲ್ಲಿ ನ್ಯಾಯದೇವತೆ ನಿಂತಿದ್ದಾಳೆ. ಅವಳೂ ಹೆಣ್ಣೇ.

ಕೇಸು ಇಲ್ಲಿಗೆ ಬಂದದ್ದಕ್ಕೆ ಕಾರಣ ಇದೆ. ಬೇಲಿನ ಮೇಲೆ ಹೊರಗಿದ್ದ ಸೂಸನ್ ತನ್ನ ಜಿಲ್ಲೆಯ 29 ಊರಿಗೂ ಹೋಗಿ, ಅಮೆರಿಕದ ಪ್ರಜೆ ಓಟು ಹಾಕುವುದು ಅಪರಾಧವೇ ಅಂತ ಭಾಷಣ ಮಾಡಿದಳು. ಜೂರಿಗೆ, ಅಂದರೆ ತಪ್ಪಿತಸ್ಥರೋ ಅಲ್ಲವೋ ಅಂತ ಹೇಳಲು, ಬರುವ ಊರಿನವರೆಲ್ಲ ಅದನ್ನು ಕೇಳಿಬಿಟ್ಟಿದ್ದಾರೆ ಅಂತ ಸರ್ಕಾರಿ ವಕೀಲರು ಪಕ್ಕದ ಜಿಲ್ಲೆಗೆ ಹಾಕಿಸಿದರು. ಅವಳು ಆ ಜಿಲ್ಲೆಯಲ್ಲೂ ತಿರುಗಿದಳು, 21 ಊರು. ಜೊತೆಗೆ ಚಳವಳಿಯ ಸಂಗಾತಿ ಮಟಿಲ್ಡಾ ಗೇಜ್ ಇನ್ನೂ 16 ಊರು.

1873ರ ಜೂನ್ 17. ನ್ಯಾಯಾಧೀಶ ವಾರ್ಡ್ ಹಂಟ್. ಸೂಸನ್ ಪರವಾಗಿ ಅವಳೇ ಸಾಕ್ಷಿ ಹೇಳಲು ಬಿಡಲಿಲ್ಲ. ವಾದ ಮುಗಿದ ಕೂಡಲೇ ಮೊದಲೇ ಬರೆದಿಟ್ಟುಕೊಂಡ ತೀರ್ಪು ಓದಿದರು. ಜೂರಿಗೆ ನೀವು ಯೋಚನೆ ಮಾಡುವಂಥದ್ದೇನಿಲ್ಲ, ತಪ್ಪಿತಸ್ಥಳು ಅನ್ನಿ ಅಂದರು. ಮರುದಿನ, ಹೇಳುವುದೇನಾದರೂ ಇದೆಯೇ ಅಂತ ರೂಢಿಯಂತೆ ಕೇಳಿದರು. ಇದೆ ಅಂತ ಸೂಸನ್ ಎದ್ದಳು. ನ್ಯಾಯಾಧೀಶರು ಕೂತ್ಕೊಳ್ಳಿ ಅಂತ ಮತ್ತೆ ಮತ್ತೆ ಅಂದರೂ ಕೂರಲಿಲ್ಲ. ನನ್ನ ವಿಚಾರಣೆ ಮಾಡಿದ ಕಾನೂನು ಗಂಡಸರು ಮಾಡಿದ್ದು, ಅರ್ಥ ಹೇಳಿದವರು ಗಂಡಸರು, ತೀರ್ಪು ಕೊಟ್ಟವರೂ ಗಂಡಸರು ಅಂದಳು. 100 ಡಾಲರ್ ದಂಡ. ಈ ಅನ್ಯಾಯದ ದಂಡದಲ್ಲಿ ಒಂದು ಡಾಲರೂ ಕೊಡುವುದಿಲ್ಲ ಅಂದಳು, ಸಾಯುವವರೆಗೂ ಕೊಡಲಿಲ್ಲ. ದಂಡ ಕಟ್ಟುವವರೆಗೆ ಜೈಲು ಅಂದಿದ್ದರೆ ಮೇಲಿನ ಕೋರ್ಟಿಗೆ ಹೋಗಲು ದಾರಿಯಾಗುತ್ತಿತ್ತು. ಅದು ಗೊತ್ತಿದ್ದೇ ನ್ಯಾಯಾಧೀಶರು ಜೈಲಿಗೆ ಕಳಿಸಲಿಲ್ಲ.

ಕೋರ್ಟಿನ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದೆವು. ಅಳಿಯಂದಿರು ಸುಮ್ನೆ ಕೇಳಿಸಿಕೊಳ್ಳುತ್ತಿದ್ದವರು, "ಅತ್ತೆ, ಆ ಜಡ್ಜ್ ಹೆಸರು ಈಗ ಯಾರಿಗೆ ನೆನಪಿದೆ ಹೇಳಿ" ಅಂದರು.

ಮಧ್ಯಾಹ್ನ ಸೆನೆಕಾ ಫಾಲ್ಸ್. 1848ರ ಜುಲೈ 19, 20ರಂದು ಇಲ್ಲಿನ ವೆಸ್ಲಿಯನ್ ಚರ್ಚಿನಲ್ಲಿ ಮಹಿಳಾ ಹಕ್ಕುಗಳ ಸಮಾವೇಶ ನಡೆಯಿತು. ಸುಮಾರು 300 ಜನ ಸೇರಿದ್ದರು. ಹೆಂಗಸರಿಗೂ ಸಮಾನ ಹಕ್ಕು ಬೇಕು ಅನ್ನುವ ಘೋಷಣೆಗೆ ಸಹಿ ಹಾಕಿದವರು 68 ಹೆಂಗಸರು, 32 ಗಂಡಸರು. ಸೂಸನ್ ಈ ಸಭೆಯಲ್ಲಿ ಇರಲಿಲ್ಲ. ಆಗ ಅವಳು ಬೇರೆ ಊರಿನಲ್ಲಿ ಟೀಚರ್. ಚರ್ಚು ಆಮೇಲೆ ಕಾರು ಮಾರುವ ಅಂಗಡಿಯಾಯಿತು, ಬಟ್ಟೆ ಒಗೆಯುವ ಲಾಂಡ್ರಿಯಾಯಿತು. ಈಗ ಸರಿಪಡಿಸಿದ್ದಾರೆ. ಹೊರಗೆ ಉದ್ದದ ಕಲ್ಲಿನ ಗೋಡೆ, ಅದರ ಮೇಲೆ ಘೋಷಣೆಯನ್ನು ಕೆತ್ತಿದ್ದಾರೆ, ಅಕ್ಷರಗಳ ಮೇಲೆ ನೀರು ಇಳಿಯುತ್ತದೆ. ಸಹಿ ಹಾಕಿದವರಲ್ಲಿ 1920ರಲ್ಲಿ ಬದುಕಿದ್ದವಳು ಕೈಗವಸು ಹೊಲಿಯುತ್ತಿದ್ದ ಷಾರ್ಲೆಟ್ ವುಡ್‌ವರ್ಡ್ ಒಬ್ಬಳೇ. ಓಟು ಬಂದಾಗ ಅವಳು ಹಾಸಿಗೆ ಹಿಡಿದಿದ್ದಳು. ಮತಗಟ್ಟೆಗೆ ಹೋಗಲು ಆಗಲಿಲ್ಲ.

ಆ ಸಮಾವೇಶ ಕರೆದವರಲ್ಲಿ ಒಬ್ಬಳಾದ ಎಲಿಜಬೆತ್ ಕ್ಯಾಡಿ ಸ್ಟ್ಯಾಂಟನ್ ಮನೆ ಇದೇ ಊರಿನಲ್ಲಿದೆ. ಏಳು ಮಕ್ಕಳ ತಾಯಿ. ಸೂಸನ್‌ಗೆ ಅವಳ ಪರಿಚಯವಾದದ್ದು 1851ರಲ್ಲಿ, ಇಲ್ಲಿ ಹೆಂಗಸರ ಪತ್ರಿಕೆ ನಡೆಸುತ್ತಿದ್ದ ಅಮೀಲಿಯಾ ಬ್ಲೂಮರ್ ಮೂಲಕ, ಇಲ್ಲಿನ ಬೀದಿಯಲ್ಲಿ. ಮೂವರೂ ನಿಂತಿರುವ ಪ್ರತಿಮೆ ಕೆರೆಯ ದಂಡೆಯಲ್ಲಿದೆ. ಸ್ಟ್ಯಾಂಟನ್ ಭಾಷಣ ಬರೆಯಬೇಕಾದಾಗ ಸೂಸನ್ ಬಂದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳಂತೆ. ಮಗು ಎತ್ತಿಕೊಂಡು ಒಬ್ಬಳು, ಪೆನ್ನು ಹಿಡಿದು ಇನ್ನೊಬ್ಬಳು. ನನ್ನ ಬಿ.ಎಡ್. ಪರೀಕ್ಷೆಯ ತಿಂಗಳು ನಮ್ಮತ್ತಿಗೆ ನನ್ನ ಮಗಳನ್ನು ಸೊಂಟದಿಂದ ಇಳಿಸಿರಲಿಲ್ಲ. ಅದನ್ನೇ ಮಗಳಿಗೆ ಹೇಳಿದೆ. "ಅತ್ತೆಗೆ ಫೋನ್ ಮಾಡ್ಬೇಕು" ಅಂದಳು.

ಸ್ಟ್ಯಾಂಟನ್ ತನ್ನನ್ನು ಮಿಸೆಸ್ ಹೆನ್ರಿ ಸ್ಟ್ಯಾಂಟನ್ ಅಂತ ಕರೆಯುವುದನ್ನು ಒಪ್ಪುತ್ತಿರಲಿಲ್ಲ. ನನಗೂ ಒಂದು ಹೆಸರಿದೆ ಅನ್ನುತ್ತಿದ್ದಳು. ನಮ್ಮ ದೇಶದ 1951-52ರ ಮೊದಲ ಚುನಾವಣೆಯಲ್ಲೂ ಇದೇ ತೊಡಕು ಬಂತಲ್ಲ. ಉತ್ತರದ ಕಡೆ ಎಷ್ಟೋ ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದರು. ಹೆಸರು ಹೇಳದೆ ಆಗೋದಿಲ್ಲ ಅಂತ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಓಟಿನ ಹಕ್ಕು ಮೊದಲ ದಿನದಿಂದಲೇ ಎಲ್ಲರಿಗೂ ಬಂದ ದೇಶ ನಮ್ಮದು, ಅದು ದೊಡ್ಡದೇ. ಅದಕ್ಕೂ ಮುಂಚೆ ನಮ್ಮಲ್ಲೂ ಬಡಿದಾಡಿದವರಿದ್ದಾರೆ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲೇ ಮದರಾಸು ವಿಧಾನ ಪರಿಷತ್ತಿನ ಚುನಾವಣೆಗೆ ನಿಂತು ಸ್ವಲ್ಪದರಲ್ಲೇ ಸೋತರು. ನಿಲ್ಲಿ ಅಂತ ಹುರಿದುಂಬಿಸಿದ ಮಾರ್ಗರೆಟ್ ಕಸಿನ್ಸ್, ಓಟಿಗಾಗಿ ಲಂಡನ್ನಿನಲ್ಲಿ ಜೈಲು ಕಂಡು ಬಂದಿದ್ದ ಐರಿಷ್ ಹೆಂಗಸು.

ಸಂಜೆ ಮಳೆ ಹಿಡಿಯಿತು. ವಾಪಸ್ ರಾಚೆಸ್ಟರ್.

ನಾಲ್ಕನೇ ದಿನ, ಭಾನುವಾರ

ಮೌಂಟ್ ಹೋಪ್ ಸ್ಮಶಾನ. ಸ್ಮಶಾನ ಅಂದರೆ ನಮ್ಮ ಕಲ್ಪನೆಯದ್ದಲ್ಲ. 196 ಎಕರೆ ಗುಡ್ಡ, ಓಕ್ ಮರಗಳು, ಸುತ್ತಿ ಸುತ್ತಿ ಹೋಗುವ ದಾರಿ. ರಾತ್ರಿಯ ಮಳೆಗೆ ಎಲೆಗಳೆಲ್ಲ ಒದ್ದೆಯಾಗಿ ದಾರಿಗೆ ಅಂಟಿಕೊಂಡಿದ್ದವು.

ಪಕ್ಕದಲ್ಲೇ ರಾಚೆಸ್ಟರ್ ವಿಶ್ವವಿದ್ಯಾಲಯ. ಅಲ್ಲಿಗೆ ಹುಡುಗಿಯರನ್ನು ಸೇರಿಸಿಕೊಳ್ಳಬೇಕಾದರೆ 50,000 ಡಾಲರ್ ಕೂಡಿಸಿ ತನ್ನಿ ಅಂದಿದ್ದರು. 1900ರ ಸೆಪ್ಟೆಂಬರಿನಲ್ಲಿ ಗಡುವಿನ ಕೊನೆಯ ದಿನ. ಇನ್ನೂ 8,000 ಕಡಿಮೆ. ಎಂಬತ್ತು ವರ್ಷದ ಸೂಸನ್ ಗಾಡಿಯಲ್ಲಿ ಮನೆಮನೆ ಸುತ್ತಿದಳು. ತಂಗಿ ಮೇರಿಯ ಹತ್ತಿರವೂ ಕೇಳಿದಳು. ಆದರೂ 2,000 ಕಡಿಮೆ ಬಿತ್ತು. ತನ್ನ ಜೀವ ವಿಮೆಯನ್ನೇ ಬರೆದುಕೊಟ್ಟಳು. ಹುಡುಗಿಯರಿಗೆ ಬಾಗಿಲು ತೆರೆಯಿತು. ಕೆಲವೇ ದಿನದಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು.

ಸಮಾಧಿ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ದೊಡ್ಡ ದೊಡ್ಡ ಗೋರಿಗಳ ನಡುವೆ ಮೊಣಕಾಲೆತ್ತರದ ಬಿಳಿ ಕಲ್ಲು. ಹೆಸರು ಮತ್ತು ಎರಡು ತಾರೀಕು. ಪಕ್ಕದಲ್ಲಿ ಮೇರಿಗೂ ಅಂಥದ್ದೇ ಕಲ್ಲು.

ಇಲ್ಲಿ ಓಟು ಹಾಕಿದವರಿಗೆ ಶಾಯಿ ಇಲ್ಲ, ನಾನು ಓಟು ಹಾಕಿದೆ ಅಂತ ಬರೆದ ಸ್ಟಿಕ್ಕರ್ ಕೊಡುತ್ತಾರೆ. ಅದನ್ನು ತಂದು ಸೂಸನ್ ಕಲ್ಲಿಗೆ ಅಂಟಿಸುವುದು ರೂಢಿಯಾಗಿದೆ. 2016ರಲ್ಲಿ ಸಾವಿರಾರು ಜನ ಕ್ಯೂ ನಿಂತಿದ್ದರು. ಅಂಟಿನಿಂದ ಕಲ್ಲು ಹಾಳಾಗುತ್ತದೆ ಅಂತ 2020ರಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರು. ನಾವು ಹೋದಾಗ ಕಲ್ಲಿನ ಬುಡದಲ್ಲಿ ಎರಡು ಸ್ಟಿಕ್ಕರ್ ಬಿದ್ದಿದ್ದವು, ಮಳೆಗೆ ನೆನೆದು ಸುರುಟಿಕೊಂಡು. ಮಗಳು ಒಂದನ್ನು ಎತ್ತಿ, ಬೆರಳಿನಿಂದ ನೀವಿ, ಮತ್ತೆ ಅಲ್ಲೇ ಇಟ್ಟಳು.

ಮಗಳಿಗೆ ಇಲ್ಲಿ ಓಟಿಲ್ಲ, ಅವಳು ಇನ್ನೂ ಭಾರತದವಳೇ. ಊರಿನಲ್ಲಿ ಓಟು ಹಾಕಬೇಕೆಂದರೆ ಅಲ್ಲಿಗೇ ಹೋಗಬೇಕು. ಹೊರಗೆ ಬಂದ ಮೇಲೆ ಒಂದು ಸಲವೂ ಹಾಕಿಲ್ಲ. ಆ ಮಾತು ಅವಳೇ ತೆಗೆದಳು, ನಾನಲ್ಲ. "ಮುಂದಿನ ಸಲ ರಜೆ ಹೊಂದಿಸ್ಕೊಂಡು ಬರ್ತೀನಮ್ಮ" ಅಂದಳು.

ಮೊಮ್ಮಗಳು ಇಲ್ಲೇ ಹುಟ್ಟಿದವಳು. ಕಲ್ಲಿನ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಮುಟ್ಟಿ ಓದಿದಳು. ಆಮೇಲೆ ನನ್ನ ಹತ್ತಿರ ಬಂದು, "ಅಜ್ಜಿ, ನೀನು ಇಂಕ್ ಹಚ್ತಿದ್ದೆಯಂತಲ್ಲ, ಯಾವ ಬೆರಳಿಗೆ?" ಅಂದಳು. ಕೈಗವಸು ತೆಗೆಸಿ ಎಡಗೈ ತೋರುಬೆರಳು ಹಿಡಿದು ತೋರಿಸಿದೆ. ಉಗುರಿನ ಮೇಲಿಂದ ಇಲ್ಲಿವರೆಗೆ. ಆ ಶಾಯಿ ನಮ್ಮ ಮೈಸೂರಿನಲ್ಲೇ ಆಗುತ್ತದೆ ಅಂದೆ. ಅಳಿಸೋಕೆ ಆಗಲ್ವಾ ಅಂದಳು. ವಾರಗಟ್ಟಲೆ ಇರುತ್ತದೆ, ಉಗುರು ಬೆಳೆದ ಹಾಗೆ ಮುಂದೆ ಸರಿಯುತ್ತಾ ಹೋಗುತ್ತದೆ ಅಂದೆ.

ಡಗ್ಲಾಸ್ ಸಮಾಧಿಗೂ ಹೋಗಿ ಕೈ ಮುಗಿದೆವು. ಕಾರಿನ ಹತ್ತಿರ ಬರುವಷ್ಟರಲ್ಲಿ ಮತ್ತೆ ಹನಿ ಶುರುವಾಗಿತ್ತು. ಮೊಮ್ಮಗಳು ಇನ್ನೂ ಆ ಕೈಗೆ ಗವಸು ಹಾಕಿಕೊಂಡಿರಲಿಲ್ಲ.